ಜೇಬುಗಡಿಯಾರದ ಅಲಂಕರಣ ಕಲೆ: ಹಾರನಹಳ್ಳಿ ಸೀಮೆಯ ವಸ್ತುಸಂಸ್ಕೃತಿಯ ನೆಲೆಯಲ್ಲಿ ಒಂದು ಪರಿಶೀಲನೆ

ಪ್ರವೇಶ

ಹಳೆಯ ಜೇಬುಗಡಿಯಾರಗಳನ್ನು ಕುರಿತ ಬರವಣಿಗೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಸಾಗಿದೆ. ಮೊದಲನೆಯದು ಯಂತ್ರದ ಇತಿಹಾಸ. 1675ರಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್ ಸುರುಳಿ ಸ್ಪ್ರಿಂಗನ್ನು ಬಳಕೆಗೆ ತಂದದ್ದು, ಆ ಬಳಿಕ ನಿಮಿಷದ ಮುಳ್ಳು ಅರ್ಥಪೂರ್ಣವಾದದ್ದು, 19ನೇ ಶತಮಾನದ ನಡುಭಾಗದಲ್ಲಿ ಪ್ರತ್ಯೇಕ ಕೀಲಿಕೈ ಇಲ್ಲದೆ ತಿರುಪಿನಿಂದಲೇ ಕೀಲಿ ಕೊಡುವ ಗಡಿಯಾರ ಬಂದದ್ದು ಈ ದಾರಿಯ ಮೈಲಿಗಲ್ಲುಗಳು. ಎರಡನೆಯದು ಸಂಗ್ರಾಹಕರ ದಾರಿ. ತಯಾರಕರ ಹೆಸರು, ಲೋಹದ ಪರಿಶುದ್ಧತೆ, ಹರಾಜಿನ ಬೆಲೆ ಇಲ್ಲಿ ಮುಖ್ಯವಾಗುತ್ತವೆ. ಈ ಎರಡೂ ದಾರಿಗಳಲ್ಲಿ ಕೇಳದೆ ಉಳಿದ ಪ್ರಶ್ನೆಯೊಂದಿದೆ: ಗಡಿಯಾರದ ಮೈಮೇಲಿನ ಅಲಂಕಾರವನ್ನು ಅದನ್ನು ಧರಿಸಿದ ಸಮಾಜ ಹೇಗೆ ಓದಿಕೊಂಡಿತು?

ಈ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಸೇರಿದ್ದು. ಆದರೆ ಅಲ್ಲಿಯೂ ಒಂದು ತೊಡಕಿದೆ. ಜನಪದ ಆಭರಣಗಳನ್ನು ತಲೆ, ಕಿವಿ, ಮೂಗು, ಕೊರಳು, ತೋಳು, ಸೊಂಟ, ಕಾಲು ಎಂಬ ಅಂಗಾನುಕ್ರಮದಲ್ಲಿ ವರ್ಗೀಕರಿಸುವುದು ರೂಢಿ. ಈ ಪಟ್ಟಿಯಲ್ಲಿ ಡಾಬು, ಉಡಿದಾರ, ವಂಕಿ, ಕಡಗ, ಮುರುವುಗಳಿಗೆ ಸ್ಥಾನವುಂಟು. ಸರಪಣಿಸಹಿತವಾಗಿ ಎದೆಯ ಮೇಲೆ ಮೆರೆದ ಜೇಬುಗಡಿಯಾರಕ್ಕೆ ಸ್ಥಾನ ಸಿಗುವುದು ವಿರಳ. ಅದು ಪರದೇಶದ್ದು, ಯಂತ್ರ, ಆದ್ದರಿಂದ ಜನಪದದ್ದಲ್ಲ ಎಂಬ ಗ್ರಹಿಕೆ ಇದರ ಹಿಂದಿದೆ. ವಸ್ತು ಎಲ್ಲಿ ತಯಾರಾಯಿತು ಎಂಬುದೊಂದೇ ಅದರ ಸಾಂಸ್ಕೃತಿಕ ನೆಲೆಯನ್ನು ನಿರ್ಣಯಿಸುವುದಾದರೆ ಈ ಗ್ರಹಿಕೆ ಸರಿ. ಆದರೆ ರಷ್ಯಾದ ವಿದ್ವಾಂಸ ಪೀಟರ್ ಬೊಗತಿರೇವ್ ಮೊರಾವಿಯಾದ ಜನಪದ ಉಡುಪುಗಳ ಕುರಿತ ತನ್ನ 1937ರ ಅಧ್ಯಯನದಲ್ಲಿ ತೋರಿಸಿಕೊಟ್ಟಂತೆ, ಮೈಮೇಲೆ ಧರಿಸುವ ಪ್ರತಿಯೊಂದೂ ಏಕಕಾಲಕ್ಕೆ ವಸ್ತುವೂ ಹೌದು, ಸಂಕೇತವೂ ಹೌದು. ಸಂಕೇತದ ಅರ್ಥವನ್ನು ಕೊಡುವುದು ಕಾರ್ಖಾನೆಯಲ್ಲ, ಧರಿಸಿದವನ ಸುತ್ತಲಿನ ಸಮುದಾಯ. ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಪ್ರದೇಶವನ್ನು, ಅದರಲ್ಲೂ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಹೋಬಳಿಯಂತಹ ಸೀಮೆಯನ್ನು ನೆಲೆಯಾಗಿಟ್ಟುಕೊಂಡು ಜೇಬುಗಡಿಯಾರದ ಅಲಂಕರಣವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊತ್ತು, ಗಳಿಗೆ ಮತ್ತು ಗಂಟೆ

ಈ ಸೀಮೆಯ ಕೃಷಿಬದುಕಿನಲ್ಲಿ ಕಾಲವನ್ನು ಸೂಚಿಸುವ ಪದಕೋಶ ಸಮೃದ್ಧವಾಗಿದೆ. ಕೋಳಿ ಕೂಗುವ ಹೊತ್ತು, ದನ ಬಿಡುವ ಹೊತ್ತು, ಹೊತ್ತು ನೆತ್ತಿಗೆ ಬರುವುದು, ಹೊತ್ತು ಇಳಿಯುವುದು, ದೀಪ ಹಚ್ಚುವ ಹೊತ್ತು ಮುಂತಾದ ನುಡಿಗಟ್ಟುಗಳಲ್ಲಿ ಕಾಲವು ಕೆಲಸದೊಡನೆ ಬೆಸೆದುಕೊಂಡಿದೆ. ಸೂಕ್ಷ್ಮ ಅಳತೆ ಬೇಕಾದ ಸಂದರ್ಭ ಮುಖ್ಯವಾಗಿ ಮುಹೂರ್ತದ್ದು. ಅದಕ್ಕೆ ಗಳಿಗೆ ಬಟ್ಟಲಿತ್ತು. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗುವ ಅವಧಿ ಒಂದು ಗಳಿಗೆ, ಅಂದರೆ 24 ನಿಮಿಷ. ಹಗಲಿರುಳು ಸೇರಿ 60 ಗಳಿಗೆ. ಮದುವೆಯ ಮನೆಯಲ್ಲಿ ಈ ಬಟ್ಟಲಿಗೆ ಅರಿಸಿನ ಕುಂಕುಮ ಹಚ್ಚಿ ಪೂಜಿಸುವ ಪದ್ಧತಿಯೂ ಇತ್ತು. ಕಾಲವನ್ನು ಅಳೆಯುವ ಉಪಕರಣವನ್ನು ಅಲಂಕರಿಸುವುದು ಇಲ್ಲಿನ ಜನಕ್ಕೆ ಹೊಸದೇನೂ ಆಗಿರಲಿಲ್ಲ ಎಂಬುದನ್ನು ಇದರಿಂದ ತಿಳಿಯಬಹುದು.

ಗಂಟೆ, ನಿಮಿಷಗಳ ಲೆಕ್ಕ ಬಂದದ್ದು ಕಚೇರಿ, ಶಾಲೆ, ಅಂಚೆ, ರೈಲುಗಳ ಮೂಲಕ. 1906ರ ಜನವರಿ 1ರಿಂದ ಭಾರತೀಯ ಪ್ರಮಾಣ ಕಾಲವು ಜಾರಿಗೆ ಬಂದಿತು. ಇಲ್ಲಿ ಹೆಸರಿಸಿದ ಪ್ರದೇಶದಲ್ಲಿ ರೈಲುದಾರಿ ಇರುವುದು ಕೆ.ಆರ್. ನಗರದ ಕಡೆಗೆ ಮಾತ್ರ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಲ್ಲಿ ನಿಮಿಷದ ಮುಳ್ಳಿಗೆ ಕಾಯುವ ಅನಿವಾರ್ಯತೆ ಬಹುಕಾಲ ಇರಲಿಲ್ಲ. ಆದರೂ ಹಳೆಯ ಮೈಸೂರು ಸಂಸ್ಥಾನದ ಛಾಯಾಚಿತ್ರಗಳಲ್ಲಿ ರುಮಾಲು, ಮುಚ್ಚುಗೊರಳಿನ ಕೋಟು, ಕೋಟಿನ ಗುಂಡಿಯಿಂದ ಜೇಬಿಗೆ ಇಳಿಬಿದ್ದ ಸರಪಣಿ ಒಂದು ಸಿದ್ಧ ವೇಷವಾಗಿ ಕಾಣಿಸಿಕೊಳ್ಳುತ್ತವೆ. ದಿವಾನರಿಂದ ಮೊದಲ್ಗೊಂಡು ಅಮಲ್ದಾರ, ಶೇಕದಾರ, ಪಟೇಲ, ಶಾನುಭೋಗರವರೆಗೆ ಅಧಿಕಾರದ ಮೆಟ್ಟಿಲುಗಳಲ್ಲಿ ಈ ವೇಷದ ಅನುಕರಣೆ ಇಳಿದು ಬಂದಿತು. ದೈನಂದಿನ ಕೆಲಸಕ್ಕೆ ನಿಮಿಷ ಬೇಡವಾದ ಊರಿನಲ್ಲಿ ನಿಮಿಷ ತೋರಿಸುವ ವಸ್ತುವನ್ನು ಧರಿಸಿದ್ದರೆ, ಆ ವಸ್ತುವಿನ ಮುಖ್ಯ ಕಾರ್ಯ ಸಮಯ ಹೇಳುವುದಲ್ಲ. ಅದು ಗಂಡಸಿನ ಆಭರಣ, ಅಂತಸ್ತಿನ ಮುದ್ರೆ. ಹೀಗೆಂದ ಮೇಲೆ ಅದರ ಅಲಂಕಾರವನ್ನು ಹೊರಗಿನ ಸೊಗಸೆಂದು ಬದಿಗಿಡುವಂತಿಲ್ಲ. ಅಲಂಕಾರವೇ ಅದರ ಕಾರ್ಯ.

ಅಲಂಕರಣದ ವಿಧಾನಗಳು

ಜೇಬುಗಡಿಯಾರದಲ್ಲಿ ಅಲಂಕಾರಕ್ಕೆ ಅವಕಾಶವಿರುವ ಜಾಗಗಳು ಐದು: ಮುಂಭಾಗದ ಮುಚ್ಚಳ, ಹಿಂಬದಿಯ ಕವಚ, ಡಯಲು, ಒಳಗಿನ ಯಂತ್ರ ಮತ್ತು ಸರಪಣಿ. ಈ ಜಾಗಗಳಲ್ಲಿ ಬಳಕೆಯಾದ ವಿಧಾನಗಳನ್ನು ಸ್ಥಳೀಯ ಕಲೆಗಳ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ.

ಮೊದಲನೆಯದು ಉಬ್ಬುಕೆಲಸ. ಲೋಹದ ತಗಡನ್ನು ಒಳಗಿನಿಂದ ತಟ್ಟಿ ಉಬ್ಬಿಸಿ, ಹೊರಗಿನಿಂದ ಚಾಣದಿಂದ ತಿದ್ದಿ ರೂಪ ಬಿಡಿಸುವ ಈ ವಿಧಾನ 18ನೇ ಶತಮಾನದ ಇಂಗ್ಲಿಷ್ ಗಡಿಯಾರಗಳಲ್ಲಿ ಉತ್ಕರ್ಷಕ್ಕೇರಿತು. ಅಂದಿನ ಗಡಿಯಾರಗಳಿಗೆ ಜೋಡಿ ಕವಚವಿರುತ್ತಿತ್ತು. ಒಳಕವಚ ಸಾದಾ, ಹೊರಕವಚದ ಮೇಲೆ ಗ್ರೀಕ್ ಪುರಾಣದ, ಬೈಬಲ್ಲಿನ ದೃಶ್ಯಗಳು. ನಮ್ಮ ದೇವಾಲಯಗಳ ಬೆಳ್ಳಿಯ ಬಾಗಿಲುವಾಡ, ಪ್ರಭಾವಳಿ, ದೇವರ ಮುಖವಾಡಗಳ ಕೆಲಸವೂ ಮೂಲತಃ ಇದೇ ತಂತ್ರದ್ದು. ಒಂದು ವ್ಯತ್ಯಾಸವಿದೆ. ಪ್ರಭಾವಳಿಯನ್ನು ದೂರದಿಂದ, ದೀಪದ ಬೆಳಕಿನಲ್ಲಿ ಹಲವರು ನೋಡುತ್ತಾರೆ. ಗಡಿಯಾರದ ಕವಚವನ್ನು ಒಬ್ಬನು ಅಂಗೈಯಲ್ಲಿ ಹಿಡಿದು ನೋಡುತ್ತಾನೆ. ಆದ್ದರಿಂದ ಅಲ್ಲಿ ಉಬ್ಬು ಕಡಿಮೆ, ವಿವರ ಹೆಚ್ಚು. ಕಣ್ಣಿಗಿಂತ ಬೆರಳು ಮೊದಲು ಅದನ್ನು ಅರಿಯುತ್ತದೆ.

ಎರಡನೆಯದು ಯಂತ್ರಕೆತ್ತನೆ. ಫ್ರೆಂಚರು ಗಿಯೋಶೆ ಎಂದು ಕರೆದ ಈ ವಿಧಾನದಲ್ಲಿ ಕವಚವನ್ನು ವಿಶೇಷ ರೀತಿಯ ಕಡಚಲು ಯಂತ್ರಕ್ಕೆ ಸಿಕ್ಕಿಸಿ, ಅಲೆಯಂತೆ ಸರಿದಾಡಿಸುತ್ತಾ ಉಳಿಯ ಮೊನೆಯಿಂದ ಗೆರೆ ತೆಗೆಯಲಾಗುತ್ತದೆ. ಗೆರೆ ಗೆರೆಯನ್ನು ದಾಟಿ ಹೆಣೆದುಕೊಂಡಾಗ ಮಧ್ಯದಿಂದ ಅಂಚಿಗೆ ಅರಳುವ ಹೂವಿನ, ಕಿರಣದ, ಚಾಪೆಹೆಣಿಗೆಯ ವಿನ್ಯಾಸಗಳು ಮೂಡುತ್ತವೆ. 18ನೇ ಶತಮಾನದ ಕೊನೆಯಲ್ಲಿ ಪ್ಯಾರಿಸ್ಸಿನ ಅಬ್ರಹಾಂ ಲೂಯಿ ಬ್ರೆಗೆ ಇದನ್ನು ಡಯಲಿಗೂ ತಂದನು. ಸೊಗಸಿನ ಜೊತೆಗೆ ಇದಕ್ಕೊಂದು ಉಪಯೋಗವಿತ್ತು. ಡಯಲಿನ ಮೇಲೆ ಬೆಳಕಿನ ಪ್ರತಿಫಲನ ತಗ್ಗುತ್ತಿತ್ತು, ಕವಚದ ಮೇಲೆ ಗೀರುಗಳು ಎದ್ದುಕಾಣುತ್ತಿರಲಿಲ್ಲ, ಕೈಯಿಂದ ಜಾರುತ್ತಿರಲಿಲ್ಲ. ಕೇಂದ್ರದಿಂದ ಹೊರಕ್ಕೆ ಸಮಭಾಗಗಳಲ್ಲಿ ಬೆಳೆಯುವ ಈ ರಚನೆ ಅಂಗಳದ ರಂಗೋಲಿಯ ಕಣ್ಣಿಗೆ ಅಪರಿಚಿತವಲ್ಲ. ರಂಗೋಲಿಯಲ್ಲಿ ಕೈಯ ನಡುಕವೂ ಸೇರಿ ಸೌಂದರ್ಯವಾಗುತ್ತದೆ. ಯಂತ್ರಕೆತ್ತನೆಯಲ್ಲಿ ನಡುಕದ ಅಭಾವವೇ ಸೌಂದರ್ಯ. ಕೈಯಿಂದ ಸಾಧ್ಯವಾಗದ ಅಚ್ಚುಕಟ್ಟುತನವು ಹಳ್ಳಿಯ ನೋಡುಗರಲ್ಲಿ ಬೆರಗನ್ನು ಹುಟ್ಟಿಸಿದ್ದರೆ ಅದು ಸಹಜ.

ಮೂರನೆಯದು ಎನಾಮಲ್, ನಮ್ಮವರ ಮಾತಿನಲ್ಲಿ ಮೀನಾ ಕೆಲಸ. ಬಣ್ಣದ ಗಾಜಿನ ಪುಡಿಯನ್ನು ಲೋಹದ ಮೇಲೆ ಹರಡಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಕರಗಿಸಿ ಅಂಟಿಸುವ ಕಲೆ ಇದು. 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲುವಾ, ಆ ಬಳಿಕ ಜಿನೀವಾ ಇದರ ಕೇಂದ್ರಗಳಾದವು. ಭಾರತದ ಸಂಸ್ಥಾನಿಕರ ಭಾವಚಿತ್ರಗಳನ್ನು ಕವಚದ ಮೇಲೆ ಎನಾಮಲ್ಲಿನಲ್ಲಿ ಬರೆಸಿದ ಗಡಿಯಾರಗಳು ಜಿನೀವಾದಲ್ಲಿ ತಯಾರಾದವು. ಸಾಮಾನ್ಯ ಗಡಿಯಾರದ ಬಿಳಿಯ ಡಯಲೂ ತಾಮ್ರದ ಬಿಲ್ಲೆಯ ಮೇಲೆ ಎನಾಮಲ್ ಕರಗಿಸಿದ್ದೇ. ಬಿಲ್ಲೆ ಬಾಗದಿರಲೆಂದು ಅದರ ಬೆನ್ನಿಗೂ ಒಂದು ಲೇಪವನ್ನು ಕೊಡಲಾಗುತ್ತಿತ್ತು. ನೂರು ವರ್ಷ ಕಳೆದರೂ ಬಣ್ಣ ಮಾಸದಿರುವುದು ಈ ಡಯಲುಗಳ ಗುಣ. ಕೈತಪ್ಪಿ ಬಿದ್ದರೆ ಕೂದಲೆಳೆಯ ಬಿರುಕು ಬಿಡುವುದು ದೋಷ.

ನಾಲ್ಕನೆಯದು ಕಪ್ಪು ತುಂಬುವ ಕೆಲಸ. ನಿಯೆಲ್ಲೊ ಎಂಬ ಈ ತಂತ್ರದಲ್ಲಿ ಬೆಳ್ಳಿಯಲ್ಲಿ ಕೊರೆದ ಗೆರೆಗಳಿಗೆ ಗಂಧಕ ಬೆರೆತ ಕಪ್ಪು ಮಿಶ್ರಲೋಹವನ್ನು ಕರಗಿಸಿ ತುಂಬಿ, ಉಜ್ಜಿ ಸಮಗೊಳಿಸಲಾಗುತ್ತದೆ. ಇದರ ಪಕ್ಕದಲ್ಲಿ ಕರ್ನಾಟಕದ್ದೇ ಆದ ಬಿದರಿ ಕಲೆಯನ್ನಿಟ್ಟರೆ ವಿಪರ್ಯಯವೊಂದು ಗೋಚರಿಸುತ್ತದೆ. ಬಿದರಿಯಲ್ಲಿ ಸತು ಪ್ರಧಾನವಾದ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿ ಅದರೊಳಗೆ ಕೂರುತ್ತದೆ. ನಿಯೆಲ್ಲೊದಲ್ಲಿ ಬೆಳ್ಳಿ ನೆಲವಾಗುತ್ತದೆ, ಕಪ್ಪು ಅದರೊಳಗೆ ಕೂರುತ್ತದೆ. ಎರಡರಲ್ಲೂ ಆಕೃತಿ ಮತ್ತು ನೆಲಗಳ ವಿರೋಧವೇ ಅಂದ.

ಒಳಗಿನ ಯಂತ್ರದ ಅಲಂಕಾರವನ್ನು ಪ್ರತ್ಯೇಕವಾಗಿ ಹೇಳಬೇಕು. 17 ಮತ್ತು 18ನೇ ಶತಮಾನಗಳ ಇಂಗ್ಲಿಷ್ ಗಡಿಯಾರಗಳಲ್ಲಿ ತೂಗುಚಕ್ರವನ್ನು ಕಾಯುವ ಸಣ್ಣ ಲೋಹದ ಹಲ್ಲೆಯನ್ನು ಬಳ್ಳಿ, ಹಕ್ಕಿ, ಮುಖಗಳ ಜಾಲಂಧ್ರವಾಗಿ ಕೊರೆಯುತ್ತಿದ್ದರು. ಗಡಿಯಾರದ ಒಡೆಯ ಇದನ್ನು ನೋಡುತ್ತಿದ್ದುದು ಕೀಲಿ ಕೊಡಲೆಂದು ಕವಚ ತೆರೆದಾಗ ಮಾತ್ರ. ಮುಂದೆ ಆ ಗಡಿಯಾರಗಳು ಮೂಲೆಗುಂಪಾದಾಗ ಈ ಹಲ್ಲೆಗಳನ್ನು ಬಿಡಿಸಿ ಹಾರಗಳಾಗಿ, ಎದೆಪಿನ್ನುಗಳಾಗಿ ಪೋಣಿಸಿ 19ನೇ ಶತಮಾನದ ಇಂಗ್ಲೆಂಡಿನಲ್ಲಿ ಧರಿಸಿದರು. ಯಂತ್ರ ಸತ್ತಮೇಲೂ ಆಭರಣ ಬದುಕಿತು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಮೊದಲೇ ಸಿದ್ಧವಾಗಿದ್ದ ಸ್ಥಾನ

ಮೇಲಿನ ವಿಧಾನಗಳೆಲ್ಲ ಹೊರಗಿನಿಂದ ಬಂದವು. ಆದರೆ ಅವು ಬಂದು ಕುಳಿತ ಸ್ಥಾನ ಖಾಲಿಯಾಗಿರಲಿಲ್ಲ. ಈ ಸೀಮೆಯ ಗಂಡಸಿನ ಮೈಮೇಲೆ ದುಂಡಗಿನ, ಮುಚ್ಚಳವಿರುವ, ಸರಪಣಿಗೋ ದಾರಕ್ಕೋ ಕಟ್ಟಿದ, ತೆರೆದು ಮುಚ್ಚುವ ಲೋಹದ ವಸ್ತುಗಳು ಹಿಂದಿನಿಂದಲೂ ಇದ್ದವು. ಅವುಗಳಲ್ಲಿ ಎರಡು ಮುಖ್ಯ.

ಒಂದು, ಎಲೆಅಡಿಕೆಯ ಚೀಲದೊಡನೆ ಇರುತ್ತಿದ್ದ ಸುಣ್ಣದ ಡಬ್ಬಿ. ಹಿತ್ತಾಳೆಯ ಅಥವಾ ಬೆಳ್ಳಿಯ ಈ ಪುಟ್ಟ ಡಬ್ಬಿಗೆ ಕೀಲುಳ್ಳ ಮುಚ್ಚಳ, ಮೇಲೊಂದು ಬಳೆ, ಬಳೆಗೆ ಸಣ್ಣ ಸರಪಣಿ, ಸರಪಣಿಯ ತುದಿಯಲ್ಲಿ ಸುಣ್ಣ ತೆಗೆಯುವ ಕಡ್ಡಿ. ಮುಚ್ಚಳದ ಮೇಲೆ ಕಮಲ, ಬಳ್ಳಿ, ಹಂಸಗಳ ಕೆತ್ತನೆ. ಶ್ರೀಲಂಕಾದ ಸಿಂಹಳರಲ್ಲಿ ಕಿಲ್ಲೋಟಯ ಎಂಬ ಇಂತಹುದೇ ಸುಣ್ಣದ ಡಬ್ಬಿಯಿದೆ. ಆನಂದ ಕುಮಾರಸ್ವಾಮಿಯವರು 1908ರಲ್ಲಿ ಪ್ರಕಟಿಸಿದ ಸಿಂಹಳ ಕಲೆಯ ಗ್ರಂಥದಲ್ಲಿ ಅಲ್ಲಿನ ಲೋಹಶಿಲ್ಪಿಗಳ ಕೆಲಸವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಚಪ್ಪಟೆ ದುಂಡಗಿನ ಕಿಲ್ಲೋಟಯವನ್ನು ಮುಚ್ಚಿಟ್ಟಾಗ ಅದನ್ನು ಜೇಬುಗಡಿಯಾರವೆಂದು ಭ್ರಮಿಸುವಷ್ಟು ಹೋಲಿಕೆಯುಂಟು.

ಇನ್ನೊಂದು, ವೀರಶೈವ ಲಿಂಗಾಯತರ ಕರಡಿಗೆ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ನೆರಳಿನಲ್ಲಿರುವ ಈ ಭಾಗದಲ್ಲಿ ಕರಡಿಗೆ, ಗುಂಡಗಡಿಗೆಗಳು ಸುಪರಿಚಿತ. ಇಷ್ಟಲಿಂಗವನ್ನು ಒಳಗಿಟ್ಟು ಶಿವದಾರದಲ್ಲಿ ಎದೆಯ ಮೇಲೆ ಧರಿಸುವ ಈ ಬೆಳ್ಳಿಯ ಸಂಪುಟ ಬರಿಯ ಆಭರಣವಲ್ಲ, ಧಾರ್ಮಿಕ ಲಾಂಛನ. ಗಡಿಯಾರವನ್ನು ಅದರೊಡನೆ ಸಮೀಕರಿಸುವುದು ಸಲ್ಲದು. ಆದರೆ ರಚನೆಯ ನೆಲೆಯಲ್ಲಿ ಒಂದು ಸಾಮ್ಯವನ್ನು ಗುರುತಿಸಬಹುದು: ಬೆಲೆಯುಳ್ಳದ್ದು ಒಳಗಿದೆ, ಬೆಳ್ಳಿ ಅದರ ಮನೆ, ತೆರೆಯುವುದಕ್ಕೆ ಒಂದು ಕ್ರಮವಿದೆ, ತೆರೆದವನು ಅದರ ಒಡೆಯ. ತಾಯಿತದ ಬೆಳ್ಳಿಯ ಕೊಳವೆಯಲ್ಲೂ ಇದೇ ತತ್ತ್ವ.

ಈ ಹಿನ್ನೆಲೆಯಲ್ಲಿ ಮುಚ್ಚಳವುಳ್ಳ ಗಡಿಯಾರವನ್ನು ನೋಡಬೇಕು. ಗಾಜಿನ ಮೇಲೂ ಲೋಹದ ಮುಚ್ಚಳವಿರುವ ಇದನ್ನು ಇಂಗ್ಲಿಷರು ಹಂಟರ್ ಎಂದು ಕರೆದರು. ಬೇಟೆಯ ಸವಾರಿಯಲ್ಲಿ ಗಾಜು ಒಡೆಯದಿರಲೆಂಬುದು ಅಲ್ಲಿನ ವಿವರಣೆ. ಪಟೇಲನ ಅಂಗೈಯಲ್ಲಿ ಅದರ ಅರ್ಥ ಬೇರೆ. ಕೋಟಿನ ಜೇಬಿನಿಂದ ತೆಗೆಯುವುದು, ತಿರುಪನ್ನು ಒತ್ತುವುದು, ಮುಚ್ಚಳ ಟಕ್ಕೆಂದು ತೆರೆದುಕೊಳ್ಳುವುದು, ನೋಡಿ ಮುಚ್ಚುವುದು ಒಂದು ಪ್ರದರ್ಶನ. ಎದುರಿಗಿದ್ದವರಿಗೆ ಕಾಣುವುದು ಕೆತ್ತನೆಯ ಮುಚ್ಚಳ. ಡಯಲು ಕಾಣುವುದು ಒಡೆಯನಿಗೊಬ್ಬನಿಗೇ. ಅಲಂಕಾರ ಎಲ್ಲರಿಗೆ, ಜ್ಞಾನ ಒಬ್ಬನಿಗೆ ಎಂಬ ಈ ಹಂಚಿಕೆಯಲ್ಲಿ ಹಳ್ಳಿಯ ಅಧಿಕಾರ ಸಂಬಂಧದ ಚಿತ್ರವಿದೆ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಿಂದ ಪಟೇಲಿಕೆ, ಶಾನುಭೋಗಿಕೆಗಳು ಕೊನೆಗೊಂಡವು. ಅದೇ 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಕಾರ್ಖಾನೆಯಿಂದ ಕೈಗಡಿಯಾರಗಳು ಹೊರಬರತೊಡಗಿದವು. ಮಣಿಕಟ್ಟಿನ ಮೇಲೆ ತೆರೆದ ಮುಖದಲ್ಲಿ ಎಲ್ಲರಿಗೂ ಕಾಣುವ ಗಡಿಯಾರಕ್ಕೆ ಮುಚ್ಚಳದ ಅಗತ್ಯವಿರಲಿಲ್ಲ. ಕಾಯಿದೆಯ ವರ್ಷವೂ ಗಡಿಯಾರದ ವರ್ಷವೂ ಒಂದೇ ಆದದ್ದು ಕಾಕತಾಳೀಯವಿರಬಹುದು. ಅರ್ಥ ಮಾತ್ರ ಒಂದನ್ನೊಂದು ಬೆಳಗುತ್ತದೆ.

ಸ್ಥಳೀಯ ವ್ಯಾಕರಣಕ್ಕೆ ಒಗ್ಗದ ಅಂಶಗಳು

ಸಾಮ್ಯಗಳನ್ನು ಹೇಳಿ ನಿಲ್ಲಿಸಿದರೆ ವಿಮರ್ಶೆ ಅಪೂರ್ಣ. ಜೇಬುಗಡಿಯಾರದ ಅಲಂಕಾರದಲ್ಲಿ ಸ್ಥಳೀಯ ಆಭರಣ ಪರಂಪರೆಗೆ ಹೊಸದಾದ ಅಂಶಗಳೂ ಇವೆ.

ಮೊದಲನೆಯದು ಹೆಸರಿನ ಕೆತ್ತನೆ. ಕವಚದ ನಡುವೆ ಗುರಾಣಿಯಾಕಾರದ ಖಾಲಿ ಜಾಗವನ್ನು ಬಿಟ್ಟು, ಅಲ್ಲಿ ಒಡೆಯನ ಹೆಸರಿನ ಮೊದಲಕ್ಷರಗಳನ್ನು ಬಳ್ಳಿಯಂತೆ ಹೆಣೆದು ಕೆತ್ತುವುದು ರೂಢಿಯಾಗಿತ್ತು. ಡಾಬು, ವಂಕಿಗಳು ಮನೆತನದ ಸ್ವತ್ತಾಗಿ ಅತ್ತೆಯಿಂದ ಸೊಸೆಗೆ ಸಾಗುವಂತಹವು. ಅಲ್ಲಿ ವ್ಯಕ್ತಿಯ ಹೆಸರಿಗೆ ಎಡೆಯಿಲ್ಲ. ಹೆಸರು ಕೆತ್ತಿದ ಗಡಿಯಾರ ವ್ಯಕ್ತಿಯನ್ನು ಮನೆತನದಿಂದ ಬೇರೆಯಾಗಿ ನಿಲ್ಲಿಸುತ್ತದೆ.

ಎರಡನೆಯದು ರೈಲಿನ ಎಂಜಿನ್ನಿನ ಚಿತ್ರ. 1867ರಲ್ಲಿ ಜಾರ್ಜ್ ಫ್ರೆಡ್ರಿಕ್ ರಾಸ್ಕೋಫ್ ಸ್ವಿಟ್ಜರ್‌ಲೆಂಡಿನಲ್ಲಿ ದುಡಿಯುವವರ ಗಡಿಯಾರವೆಂಬ ಹೆಸರಿನಲ್ಲಿ ಬಿಡಿಭಾಗಗಳನ್ನು ಕಡಿಮೆ ಮಾಡಿ ಅಗ್ಗದ ಗಡಿಯಾರವನ್ನು ಹೊರತಂದನು. ಆ ಮಾದರಿಯ ಮುಂದಿನ ಗಡಿಯಾರಗಳ ಬೆನ್ನಿನಲ್ಲಿ ಹೂಬಳ್ಳಿಯ ಬದಲು ಹೊಗೆಯುಗುಳುವ ಎಂಜಿನ್ ಉಬ್ಬುಚಿತ್ರವಾಗಿ ಮೂಡಿತು. ರೈಲುದಾರಿಯೇ ಇಲ್ಲದ ಪಿರಿಯಾಪಟ್ಟಣದ ಕಡೆಯ ಜೇಬೊಂದನ್ನು ಇಂತಹ ಗಡಿಯಾರ ಸೇರಿದಾಗ ಆ ಚಿತ್ರ ಬಳಕೆಯ ಗುರುತಾಗದೆ ಬಯಕೆಯ ಗುರುತಾಗುತ್ತದೆ. ಗುಡಿಯ ಗೋಡೆಯಲ್ಲಿ ಯಾಳಿಯನ್ನು ಕಂಡು ಬೆಳೆದ ಕಣ್ಣಿಗೆ ಎಂಜಿನ್ನೂ ಒಂದು ಅದ್ಭುತ ಪ್ರಾಣಿಯೇ.

ಮೂರನೆಯದು ಅಂಕಿಗಳ ಪ್ರಶ್ನೆ. ಯುರೋಪಿನ ತಯಾರಕರು ತುರ್ಕಿಯ ಮಾರುಕಟ್ಟೆಗೆ ಅಲ್ಲಿನ ಅಂಕಿಗಳ ಡಯಲುಗಳನ್ನು ಮಾಡಿಕೊಟ್ಟರು. ಚೀನಾದ ಮಾರುಕಟ್ಟೆಗೆಂದೇ ಫ್ಲೂರಿಯೆಯ ಬೊವೆ ಮನೆತನ ಒಳಯಂತ್ರವನ್ನೂ ಬಳ್ಳಿಕೆತ್ತನೆಯಿಂದ ತುಂಬಿದ ಗಡಿಯಾರಗಳನ್ನು ಕಳುಹಿಸಿತು. ಮೈಸೂರಿನ ಕಡೆಗೆ ಸಾಮಾನ್ಯವಾಗಿ ಬಂದವು ರೋಮನ್ ಅಥವಾ ಇಂಗ್ಲಿಷ್ ಅಂಕಿಯವು. ಕನ್ನಡದ ಅಂಕಿಗಳು ಗಡಿಯಾರದ ಮುಖದಲ್ಲಿ ಸಾರ್ವಜನಿಕವಾಗಿ ಮೆರೆದದ್ದು ಮೈಸೂರಿನ ದೊಡ್ಡ ಗಡಿಯಾರದಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಅರಮನೆಯ ನೌಕರರು ಕಟ್ಟಿಸಿದ 75 ಅಡಿ ಎತ್ತರದ ಗೋಪುರವದು. ಅಂಗೈಯ ಗಡಿಯಾರ ಪರಭಾಷೆಯಲ್ಲಿ ಒಬ್ಬನಿಗೆ ಹೇಳಿದ್ದನ್ನು ಬೀದಿಯ ಗಡಿಯಾರ ಕನ್ನಡದಲ್ಲಿ ಎಲ್ಲರಿಗೂ ಹೇಳಿತು.

ಅಲಂಕಾರದ ಮೌಲ್ಯವನ್ನೇ ಪ್ರಶ್ನಿಸುವ ಎದುರು ಉದಾಹರಣೆಯೂ ಉಂಟು. ಗಾಂಧೀಜಿಯವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಜೇಬುಗಡಿಯಾರ ಕೆತ್ತನೆ, ಸರಪಣಿಗಳ ಆಡಂಬರವನ್ನು ಬಿಟ್ಟು ಶಿಸ್ತಿನ ಸಂಕೇತವಾಯಿತು. ಅವರ ಝೆನಿತ್ ಗಡಿಯಾರ 2009ರ ಮಾರ್ಚಿಯಲ್ಲಿ ನ್ಯೂಯಾರ್ಕಿನಲ್ಲಿ ಕನ್ನಡಕ, ಚಪ್ಪಲಿ, ತಟ್ಟೆ, ಬಟ್ಟಲುಗಳೊಡನೆ ಹರಾಜಾದಾಗ ಕರ್ನಾಟಕದ ಉದ್ಯಮಿ ವಿಜಯ್ ಮಲ್ಯ ಅದನ್ನು 18 ಲಕ್ಷ ಡಾಲರಿಗೆ ಕೊಂಡರು. ಧರಿಸಿದವನ ಬದುಕೇ ಅಲಂಕಾರವಾದಾಗ ಕವಚ ಸಾದಾ ಇದ್ದರೂ ಸಾಕು.

ಒಳಮುಚ್ಚಳದ ಗೀರುಗಳು

ಅಲಂಕರಣದ ಅಧ್ಯಯನದಲ್ಲಿ ಅತ್ಯಂತ ಉಪೇಕ್ಷಿತವಾದದ್ದು ಹಿಂಬದಿಯ ಕವಚದ ಒಳಮೈ. ಅಲ್ಲಿ ಮೂರು ಬಗೆಯ ಬರಹಗಳು ಸಿಗುತ್ತವೆ. ಒಂದು, ಲೋಹದ ಮುದ್ರೆ. ಸ್ವಿಟ್ಜರ್‌ಲೆಂಡಿನಲ್ಲಿ 1880ರ ಕಾನೂನಿನ ಬಳಿಕ ಸಾವಿರಕ್ಕೆ 875 ಪಾಲು ಬೆಳ್ಳಿಗೆ ಕರಡಿಯ, 800 ಪಾಲಿಗೆ ಕಾಡುಕೋಳಿಯ ಜಾತಿಯ ಹಕ್ಕಿಯ ಮುದ್ರೆಯಿತ್ತು. ಎರಡು, ಕವಚದ ಕ್ರಮಸಂಖ್ಯೆ. ಮೂರು, ರಿಪೇರಿಯವರು ಸೂಜಿಮೊನೆಯಿಂದ ಗೀರಿದ ಗುರುತುಗಳು. ಗಡಿಯಾರ ತಮ್ಮ ಕೈಗೆ ಬಂದ ದಿನ, ತಮ್ಮ ಸಂಕೇತ, ಲೆಕ್ಕದ ಸಂಖ್ಯೆಗಳನ್ನು ಅವರು ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಗೀರಿಡುವುದು ಜಗತ್ತಿನಾದ್ಯಂತ ಇದ್ದ ಪದ್ಧತಿ.

ಮೊದಲೆರಡು ಬರಹಗಳು ಗಡಿಯಾರ ಹುಟ್ಟಿದ ಊರನ್ನು ಹೇಳಿದರೆ ಮೂರನೆಯದು ಅದು ಬಾಳಿದ ಊರನ್ನು ಹೇಳುತ್ತದೆ. ಸಂತೆಯ ಪಕ್ಕದ ಗೂಡಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತ ರಿಪೇರಿಯವರ ಪರಂಪರೆಗೆ ಬೇರೆ ದಾಖಲೆಗಳು ಅಪರೂಪ. ಅವರ ಚರಿತ್ರೆ ಎಲ್ಲಾದರೂ ಬರೆಯಲ್ಪಟ್ಟಿದ್ದರೆ ಅದು ಈ ಗೀರುಗಳಲ್ಲಿ. ಪರದೇಶದ ವಸ್ತುವಿನ ಮೇಲೆ ಸ್ಥಳೀಯ ಕೈಯೊಂದು ಬಿಟ್ಟ ಗುರುತು ಇದಾದ್ದರಿಂದ ಜಾನಪದ ಸಂಶೋಧಕನ ದೃಷ್ಟಿಯಲ್ಲಿ ಇದರ ಬೆಲೆ ಮುಚ್ಚಳದ ಹೂವಿಗಿಂತ ಹೆಚ್ಚು.

ಈ ಗುರುತುಗಳಿಗೆ ಮೂರು ಕಡೆಗಳಿಂದ ಅಪಾಯವಿದೆ. ಬೆಳ್ಳಿಬಂಗಾರದ ಬೆಲೆ ಏರಿದಂತೆಲ್ಲ ನಿಂತುಹೋದ ಗಡಿಯಾರದ ಯಂತ್ರವನ್ನು ಕಿತ್ತೆಸೆದು ಕವಚವನ್ನು ಕರಗಿಸುವುದು ಒಂದು. ಮಾರಾಟಕ್ಕಾಗಿ ಹಳೆಯ ಡಯಲನ್ನು ಒರೆಸಿ ಹೊಸ ಚಿತ್ರ, ಹೊಸ ಹೆಸರು ಬರೆದು, ಹತ್ತು ಗಡಿಯಾರಗಳ ಬಿಡಿಭಾಗಗಳನ್ನು ಒಂದಾಗಿಸುವುದು ಇನ್ನೊಂದು. ಸದುದ್ದೇಶದಿಂದಲೇ ನಡೆಯುವ ಮೂರನೆಯ ಅಪಾಯ ಹೊಳಪು ಕೊಡುವುದು. ಯಂತ್ರಕೆತ್ತನೆಯ ಗೆರೆಗಳು ಕೂದಲೆಳೆಯಷ್ಟು ತೆಳು. ಪದೇ ಪದೇ ಉಜ್ಜಿದರೆ ಅವು ಸವೆದು ಕವಚ ನುಣ್ಣಗಾಗುತ್ತದೆ, ಒಳಗಿನ ಗೀರುಗಳೂ ಅಳಿಯುತ್ತವೆ.

1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಾಗ ಜೀ.ಶಂ. ಪರಮಶಿವಯ್ಯ, ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರು ಅಂದು ಯಾರೂ ಲೆಕ್ಕಿಸದಿದ್ದ ದಿನಬಳಕೆಯ ವಸ್ತುಗಳಿಗೆ ಸಂಗ್ರಹಯೋಗ್ಯತೆಯನ್ನು ತಂದುಕೊಟ್ಟರು. ಅದೇ ದೃಷ್ಟಿಯನ್ನು ಈಗ ಜೇಬುಗಡಿಯಾರಕ್ಕೂ ವಿಸ್ತರಿಸಬೇಕಾಗಿದೆ. ಗಡಿಯಾರವನ್ನು ಸರಪಣಿಯಿಂದ ಬೇರ್ಪಡಿಸದೆ ದಾಖಲಿಸುವುದು, ಹೊಳಪು ಕೊಡುವ ಮುನ್ನವೇ ಓರೆಬೆಳಕಿನಲ್ಲಿ ಒಳಮೈಯ ಛಾಯಾಚಿತ್ರ ತೆಗೆಯುವುದು, ಮನೆಯವರು ಅದಕ್ಕಿಟ್ಟ ಹೆಸರನ್ನೂ ಅದನ್ನು ಹೊರತೆಗೆಯುತ್ತಿದ್ದ ಸಂದರ್ಭಗಳನ್ನೂ ಬರೆದುಕೊಳ್ಳುವುದು, ಅದೇ ಮನೆಯ ಸುಣ್ಣದ ಡಬ್ಬಿ, ಕರಡಿಗೆ, ಡಾಬುಗಳ ವಿನ್ಯಾಸದೊಡನೆ ಹೋಲಿಸುವುದು ಕನಿಷ್ಠ ಅಗತ್ಯಗಳು.

ಉಪಸಂಹಾರ

ಒಟ್ಟಾರೆಯಾಗಿ, ಜೇಬುಗಡಿಯಾರದ ಅಲಂಕರಣವನ್ನು ಯುರೋಪಿನ ಶೈಲಿಗಳ ಹೆಸರಿನಲ್ಲಷ್ಟೇ ಓದಿದರೆ ಅದರ ಅರ್ಧಭಾಗ ಮಾತ್ರ ದಕ್ಕುತ್ತದೆ. ಹಾರನಹಳ್ಳಿಯಂತಹ ಸೀಮೆಯನ್ನು ಪ್ರವೇಶಿಸಿದ ಗಡಿಯಾರ ಸುಣ್ಣದ ಡಬ್ಬಿಯ, ಕರಡಿಗೆಯ, ತಾಯಿತದ ನೆರೆಯಲ್ಲಿ ಸ್ಥಾನ ಪಡೆಯಿತು. ಮುಚ್ಚಳ, ಸರಪಣಿ, ಹೂವುಗಳ ಪರಿಚಿತ ವ್ಯಾಕರಣದಲ್ಲಿ ತನ್ನನ್ನು ಓದಿಸಿಕೊಂಡಿತು. ಹೆಸರು, ಎಂಜಿನ್, ಅಂಕಿಗಳ ಮೂಲಕ ಆ ವ್ಯಾಕರಣಕ್ಕೆ ಹೊಸ ಪದಗಳನ್ನೂ ಸೇರಿಸಿತು. ಜನಪದ ಆಭರಣಗಳ ಪಟ್ಟಿಯಲ್ಲಿ ಅದಕ್ಕೊಂದು ಸಾಲು ಸಲ್ಲಬೇಕು. ಪಟ್ಟಿಯನ್ನು ಯಾವಾಗ ಬೇಕಾದರೂ ತಿದ್ದಬಹುದು, ಕರಗಿಹೋದ ಕವಚವನ್ನು ಮರಳಿ ಓದಲಾಗದು. ಮನೆಗಳ ಪೆಟ್ಟಿಗೆಗಳಲ್ಲಿ ನಿಂತ ಮುಳ್ಳುಗಳೊಡನೆ ಉಳಿದಿರುವ ಗಡಿಯಾರಗಳ ಒಳಮುಚ್ಚಳಗಳನ್ನು ತೆರೆದು ನೋಡುವ ಕ್ಷೇತ್ರಕಾರ್ಯ ತಡವಿಲ್ಲದೆ ನಡೆಯಬೇಕಾಗಿದೆ.